ಗಿರಣಿಯ ನಡುಹಗಲಿನ ಅರ್ಧ ಘಂಟೆ

1884ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಮುಂಬಯಿ ನಗರದ ಹತ್ತಿಗಿರಣಿಗಳ ಕೆಲಸಗಾರರು ಎರಡು ಬಾರಿ ಸಭೆ ಸೇರಿ, ಸರ್ಕಾರವು ನೇಮಿಸಿದ್ದ ಕಾರ್ಖಾನೆ ವಿಚಾರಣಾ ಮಂಡಲಿಯ ಮುಂದಿಡತಕ್ಕ ಒಂದು ಮನವಿಪತ್ರವನ್ನು ಸಿದ್ಧಪಡಿಸಿದರು. ಸುಮಾರು 5,500 ಮಂದಿ ಅದಕ್ಕೆ ಸಹಿ ಹಾಕಿದರು. ಅವರಲ್ಲಿ ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲ ಅದು. ವಾರಕ್ಕೊಂದು ದಿನ, ಭಾನುವಾರ, ಗಿರಣಿ ಮುಚ್ಚಿರಬೇಕು. ಬೆಳಗ್ಗೆ ಆರೂವರೆಗೆ ಆರಂಭವಾದ ಕೆಲಸ ಸೂರ್ಯಾಸ್ತಕ್ಕೆ ನಿಲ್ಲಬೇಕು. ತಿಂಗಳ ಸಂಬಳ ಮುಂದಿನ ತಿಂಗಳ ಹದಿನೈದನೆಯ ತಾರೀಖಿನೊಳಗೆ ಕೈಸೇರಬೇಕು. ಯಂತ್ರಕ್ಕೆ ಸಿಕ್ಕಿ ಗಾಯಗೊಂಡವನಿಗೆ ಜೀವನೋಪಾಯವಾಗಬೇಕು. ಈ ಬೇಡಿಕೆಗಳ ನಡುವೆ, ಓದುವವನ ಕಣ್ಣು ಸುಲಭವಾಗಿ ದಾಟಿಹೋಗಬಹುದಾದಷ್ಟು ಅಲ್ಪವಾದ ಇನ್ನೊಂದು ಬೇಡಿಕೆಯಿತ್ತು: ನಡುಹಗಲಿನಲ್ಲಿ ಅರ್ಧ ಘಂಟೆಯ ವಿಶ್ರಾಂತಿ. ಈಗ ನಮ್ಮ ನಾಡಿನ ಯಾವ ಕಾರ್ಖಾನೆಯಲ್ಲಾದರೂ ಊಟದ ಹೊತ್ತಿಗೆ ಯಂತ್ರಗಳು ಸುಮ್ಮನಾಗುವುದನ್ನು ನಾವು ಸೂರ್ಯೋದಯದಷ್ಟೇ ಸಹಜವೆಂದು ಭಾವಿಸುತ್ತೇವೆ. ಅದು ಸಹಜವಾಗಿ ಬಂದುದಲ್ಲ. ಆ ಅರ್ಧ ಘಂಟೆಯನ್ನು ಕೇಳಿದವರಿದ್ದರು, ಕೊಡೆವೆಂದವರಿದ್ದರು, ಏತಕ್ಕೆ ಕೊಡಬೇಕೆಂದು ಪ್ರಯೋಗಶಾಲೆಯಲ್ಲಿ ಕುಳಿತು ಅಳೆದವರೂ ಇದ್ದರು. ಅವರೆಲ್ಲರಲ್ಲಿ ಮೊದಲನೆಯವರೇ ಮೊದಲು ತಿಳಿದವರೆಂಬುದನ್ನು ಹೇಳಬೇಕೆಂದೇ ಈ ವೃತ್ತಾಂತವನ್ನು ಬರೆಯಹೊರಟಿದ್ದೇನೆ.

ಗಿರಣಿ ಹುಟ್ಟುವುದಕ್ಕೆ ಮುಂಚೆ ನಮ್ಮ ಜನಕ್ಕೆ ವಿಶ್ರಾಂತಿಯೆಂಬುದು ಗೊತ್ತಿರಲಿಲ್ಲವೆಂದಲ್ಲ. ಕೆಲಸದ ಒಡಲಿನಲ್ಲಿಯೇ ಅದು ಸೇರಿಕೊಂಡಿದ್ದುದರಿಂದ ಬೇರೆಯಾಗಿ ಕೇಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಉಳುವವನು ಬೆಳಗಿನ ಜಾವಕ್ಕೆ ಆರು ಹೂಡಿದರೆ, ಬಿಸಿಲು ನೆತ್ತಿಗೇರುವ ಹೊತ್ತಿಗೆ ಎತ್ತುಗಳ ಕೊರಳಿನಿಂದ ನೊಗವನ್ನು ಇಳಿಸಿ, ಅವಕ್ಕೆ ಮೇವು ನೀರು ತೋರಿಸಿ, ಮನೆಯಿಂದ ಬಂದ ಬುತ್ತಿಯನ್ನು ಮರದ ನೆಳಲಿನಲ್ಲಿ ಬಿಚ್ಚುತ್ತಿದ್ದನು; ಎತ್ತು ಬಳಲಿತೆಂದರೆ ಉಳುಮೆ ಕೆಟ್ಟಿತೆಂಬುದನ್ನು ಅವನಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ. ಕನ್ನಡನಾಡಿನ ಅನೇಕ ಭಾಗಗಳಲ್ಲಿ ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲ ಮೇಲೆ ನೊಗವಿಡುವುದಿಲ್ಲ. ಕಪಿಲೆ ಹೊಡೆಯುವವನು, ರಾಗಿ ಬೀಸುವವಳು, ಭತ್ತ ಕುಟ್ಟುವವರು ಇವರೆಲ್ಲರೂ ಹಾಡಿನ ಗತಿಗೆ ಕೈಯ ಗತಿಯನ್ನು ಹೊಂದಿಸಿ, ಪದದ ಕೊನೆಯಲ್ಲಿ ಉಸಿರೆಳೆದುಕೊಳ್ಳುತ್ತಿದ್ದರು. ಆ ಜೀವನವು ಸುಖಮಯವಾಗಿತ್ತೆಂದು ನಾನು ಹೇಳಲಾರೆ. ಜೀತದ ಆಳಿಗೆ ಬಸವಣ್ಣನ ವಾರವೂ ಇರಲಿಲ್ಲ, ಬೀಸುವವಳಿಗೆ ಬೇರೆ ಗತಿಯೂ ಇರಲಿಲ್ಲ. ಆದರೆ ಎಷ್ಟೇ ಕಠೋರನಾದ ಒಡೆಯನಿಗೂ ಬಿಸಿಲು, ಮಳೆ, ಕತ್ತಲೆ ಮತ್ತು ಪಶುವಿನ ದೇಹ ಎಂಬ ನಾಲ್ಕು ಎಲ್ಲೆಗಳಿದ್ದುವು.

ಈ ದೇಶದ ಅರ್ಥಶಾಸ್ತ್ರಕಾರರೂ ವಿಷಯವನ್ನು ಅರಿಯದೆ ಇರಲಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ತಾಳೆಯೋಲೆಗಳಿಂದ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿ ಲೋಕಕ್ಕೆ ಪರಿಚಯಮಾಡಿಕೊಟ್ಟ ಕೌಟಿಲ್ಯನ ಗ್ರಂಥದಲ್ಲಿ, ನೂಲು ನೇಯ್ಗೆಗಳ ಅಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಅಧ್ಯಾಯವೊಂದಿದೆ. ಹಬ್ಬದ ತಿಥಿಗಳಲ್ಲಿ ಕೆಲಸ ಮಾಡಿಸಬೇಕಾದರೆ ಸನ್ಮಾನವನ್ನೂ ವಿಶೇಷ ಪ್ರತಿಫಲವನ್ನೂ ಕೊಟ್ಟು ಮಾಡಿಸತಕ್ಕದ್ದೆಂದು ಅಲ್ಲಿ ವಿಧಿಸಿರುವುದನ್ನು ಕಂಡಾಗ, ಕೆಲಸಗಾರನ ಬಿಡುವು ಅವನ ಸ್ವತ್ತು, ಅದನ್ನು ಕೊಳ್ಳಬೇಕೇ ಹೊರತು ಕಸಿಯಕೂಡದು ಎಂಬ ಭಾವನೆ ಅಷ್ಟು ಹಿಂದೆಯೇ, ಅದೂ ನೂಲುವವರ ಪ್ರಸಂಗದಲ್ಲಿಯೇ, ಇತ್ತೆಂಬುದು ಸ್ಪಷ್ಟವಾಗುತ್ತದೆ. ಕೌಟಿಲ್ಯನು ದಯಾಳುವೆಂದು ಯಾರೂ ಹೇಳಿಲ್ಲ. ಆದುದರಿಂದಲೇ ಈ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ.

ಕಾವಸಜಿ ನಾನಾಭಾಯಿ ದಾವರ್ ಎಂಬ ಪಾರಸಿ ವರ್ತಕರು 1854ರಲ್ಲಿ ಸಂಸ್ಥೆಯನ್ನು ಕಟ್ಟಿ, ಎರಡು ವರ್ಷಗಳ ತರುವಾಯ ಮುಂಬಯಿಯ ಮೊದಲ ಹತ್ತಿಗಿರಣಿಯನ್ನು ನಡೆಯಿಸತೊಡಗಿದಾಗ, ಈ ನಾಲ್ಕು ಎಲ್ಲೆಗಳಲ್ಲಿ ಮೂರು ಒಮ್ಮೆಲೇ ಅಳಿಸಿಹೋದುವು. ಉಗಿಯ ಎಂಜಿನ್ನಿಗೆ ಬಿಸಿಲಿಲ್ಲ, ಮಳೆಯಿಲ್ಲ, ಬಳಲಿಕೆಯಿಲ್ಲ. ಬಾಯ್ಲರಿಗೆ ಒಮ್ಮೆ ಉರಿ ಹಾಕಿದ ಮೇಲೆ ಅದನ್ನು ನಿಲ್ಲಿಸುವುದೇ ನಷ್ಟ. ಒಂದೇ ದಂಡದಿಂದ ಪಟ್ಟಿಗಳ ಮೂಲಕ ನೂರಾರು ಯಂತ್ರಗಳು ತಿರುಗುತ್ತಿದ್ದುದರಿಂದ, ಒಬ್ಬ ಆಳು ತನ್ನ ಯಂತ್ರದ ಮುಂದೆ ಬಳಲಿ ನಿಂತರೂ ಯಂತ್ರವು ನಿಲ್ಲುತ್ತಿರಲಿಲ್ಲ. ಉಳಿದುದು ಕತ್ತಲೆಯ ಎಲ್ಲೆಯೊಂದೇ. ಗಿರಣಿಗಳಲ್ಲಿ ವಿದ್ಯುದ್ದೀಪಗಳಿಲ್ಲದ ಆ ಕಾಲದಲ್ಲಿ ಸೂರ್ಯನು ಮೂಡಿದಾಗ ಗಿರಣಿ ಮೂಡುತ್ತಿತ್ತು, ಸೂರ್ಯನು ಮುಳುಗಿದಾಗ ಅದೂ ಮಲಗುತ್ತಿತ್ತು. ಚಳಿಗಾಲದಲ್ಲಿ ಹತ್ತು ಹನ್ನೊಂದು ಘಂಟೆಯ ದಿನವು ಬೇಸಗೆಯಲ್ಲಿ ಹದಿಮೂರು ಹದಿನಾಲ್ಕು ಘಂಟೆಗಳವರೆಗೆ ಬೆಳೆಯುತ್ತಿತ್ತು. ವರ್ಷದಲ್ಲಿ ಅತ್ಯಂತ ಬೇಗೆಯ ತಿಂಗಳುಗಳಲ್ಲಿ ಅತ್ಯಂತ ದೀರ್ಘವಾದ ಕೆಲಸ ಬೀಳುವಂತಹ ವ್ಯವಸ್ಥೆಯನ್ನು ಯಾವ ರೈತನೂ ಕಲ್ಪಿಸಿಕೊಂಡಿರಲಾರನು.

ಅಲ್ಲಿ ದುಡಿದವರು ಬಹುಮಟ್ಟಿಗೆ ರೈತರೇ. ರತ್ನಾಗಿರಿಯ ಕಡಲ ಕರೆಯಿಂದಲೂ ಸಾತಾರೆಯ ದಿಬ್ಬದ ಸೀಮೆಯಿಂದಲೂ ಬಂದು, ಗಿರಣಿಯ ಸುತ್ತಣ ಚಾಳುಗಳಲ್ಲಿ ಒಂದೊಂದು ಕೋಣೆಗೆ ಹಲವರಂತೆ ತುಂಬಿಕೊಂಡು, ಬಿತ್ತನೆಗೂ ಕೊಯ್ಲಿಗೂ ಊರಿನ ಕಡೆ ಮುಖ ಮಾಡುತ್ತಿದ್ದ ಜನ. ಒಳಗಡೆ ನೂಲು ಕಡಿಯದಿರಲೆಂದು ತೇವವನ್ನು ಹಿಡಿದಿಟ್ಟ ಗಾಳಿ, ಹಾರಾಡುವ ಹತ್ತಿಯ ಧೂಳು, ಮಾತು ಕೇಳಿಸದಷ್ಟು ಸದ್ದು. ಇಂತಹ ಸ್ಥಳದಲ್ಲಿ ಹನ್ನೆರಡು ಹದಿಮೂರು ಘಂಟೆಗಳ ಕಾಲ ಮನುಷ್ಯನು ಎಡೆಬಿಡದೆ ನಿಲ್ಲಲಾರನು, ನಿಲ್ಲಲೂ ಇಲ್ಲ. ಬೀಡಿ ಸೇದುವುದಕ್ಕೆ, ನೀರು ಕುಡಿಯುವುದಕ್ಕೆ, ಮೈ ತೊಳೆಯುವುದಕ್ಕೆ, ಹೆಂಡತಿಯೋ ಮಗುವೋ ತಂದ ರೊಟ್ಟಿಯನ್ನು ತಿನ್ನುವುದಕ್ಕೆ, ಕೆಲವು ವೇಳೆ ಬರಿದೆ ಗೋಡೆಗೊರಗಿ ಕಣ್ಣು ಮುಚ್ಚುವುದಕ್ಕೆ ಅವನು ಗಿರಣಿಯ ಆವರಣಕ್ಕೆ ಹೊರಬರುತ್ತಿದ್ದನು. ಆ ಹೊತ್ತಿನಲ್ಲಿ ಪಕ್ಕದವನು ಎರಡು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದನು. ಇಂತಹ ಗೈರುಹಾಜರಿಗಾಗಿಯೇ ಬೇಕಾದುದಕ್ಕಿಂತ ಹೆಚ್ಚು ಆಳುಗಳನ್ನು ಇಟ್ಟುಕೊಂಡಿದ್ದೇವೆಂದು ಮಾಲೀಕರು ಮುಂದೆ ವಿಚಾರಣಾ ಮಂಡಲಿಗಳೆದುರು ದೂರಿದರು. ಭಾರತೀಯ ಶ್ರಮಿಕನು ಸ್ವಭಾವತಃ ಅಲೆಮಾರಿ, ಮನಸ್ಸಿಟ್ಟು ದುಡಿಯದವನು, ಆದುದರಿಂದ ದೀರ್ಘವಾದ ದಿನವು ಅವನಿಗೆ ಭಾರವಾಗುವುದಿಲ್ಲ ಎಂಬುದು ಅವರ ವಾದ. ಈ ವಾದದಲ್ಲಿ ಕಾರಣವನ್ನು ಕಾರ್ಯದ ಸ್ಥಾನದಲ್ಲಿಯೂ ಕಾರ್ಯವನ್ನು ಕಾರಣದ ಸ್ಥಾನದಲ್ಲಿಯೂ ಇರಿಸಲಾಗಿತ್ತು. ಕೊಡದೆ ಹೋದ ವಿಶ್ರಾಂತಿಯನ್ನು ದೇಹವು ತಾನಾಗಿಯೇ ತೆಗೆದುಕೊಳ್ಳುತ್ತಿತ್ತು, ಕದ್ದವನಂತೆ ಅಳುಕಿ, ದಂಡಕ್ಕೆ ಹೆದರಿ. ಹಾಗೆ ತೆಗೆದುಕೊಂಡ ವಿಶ್ರಾಂತಿ ಮೈಗೆ ಹತ್ತುವುದೂ ಇಲ್ಲ.

ಕಾನೂನು ಬಂದ ದಾರಿ ಮಾತ್ರ ನೇರವಾದುದಲ್ಲ. ಮುಂಬಯಿಯ ನೂಲು ತಮ್ಮ ಮಾರುಕಟ್ಟೆಯನ್ನು ಅತಿಕ್ರಮಿಸುತ್ತಿದ್ದುದನ್ನು ಕಂಡು ಕಳವಳಗೊಂಡ ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿದಾರರು, ಭಾರತದ ಗಿರಣಿಗಳಲ್ಲಿ ಮಕ್ಕಳೂ ಸ್ತ್ರೀಯರೂ ಪಡುತ್ತಿದ್ದ ಕಷ್ಟವನ್ನು ಕುರಿತು ಪಾರ್ಲಿಮೆಂಟಿನಲ್ಲಿ ಗದ್ದಲವೆಬ್ಬಿಸಿದರು. ಅವರ ಕರುಣೆಗೆ ಲಾಭದ ಲೆಕ್ಕವೇ ಮೂಲವೆಂದು ನಮ್ಮ ದೇಶಾಭಿಮಾನಿ ಪತ್ರಿಕೆಗಳು ಬರೆದುವು, ಅದು ಸುಳ್ಳಲ್ಲ. ಆದರೆ ಆ ಪತ್ರಿಕೆಗಳಲ್ಲಿ ಬಹುಪಾಲು ಅಲ್ಲಿಗೇ ನಿಂತು, ಏಳು ವರ್ಷದ ಹಸುಳೆ ಹನ್ನೆರಡು ಘಂಟೆ ನೂಲಿನ ಯಂತ್ರದ ನಡುವೆ ಓಡಾಡುವುದನ್ನು ಸ್ವದೇಶೀ ಉದ್ಯಮದ ರಕ್ಷಣೆಗಾಗಿ ಸಹಿಸಬೇಕೆಂಬ ನಿಲುವಿಗೆ ಬಂದುದು ನಮ್ಮ ಸಾರ್ವಜನಿಕ ಜೀವನದ ಇತಿಹಾಸದಲ್ಲಿ ಹೆಮ್ಮೆಪಡತಕ್ಕ ಅಧ್ಯಾಯವಲ್ಲ. ಹೇಳುವವನ ಉದ್ದೇಶ ಕೆಟ್ಟದ್ದಾದರೆ ಹೇಳಿದ ಮಾತು ಸುಳ್ಳಾಗಬೇಕಾಗಿಲ್ಲ. ಆ ಕಾಲದಲ್ಲಿ ಇದನ್ನು ಕಂಡುಕೊಂಡವರಲ್ಲಿ ಸೊರಾಬಜಿ ಶಾಪುರಜಿ ಬೆಂಗಾಲಿಯವರು ಮುಖ್ಯರು. 1878ರಲ್ಲಿಯೇ ಅವರು ತಾವಾಗಿ ಒಂದು ಮಸೂದೆಯನ್ನು ರಚಿಸಿ ತಮ್ಮ ಸಮಾಜದ ಧನಿಕರ ವಿರೋಧಕ್ಕೆ ಪಾತ್ರರಾದರು. 1881ರ ಮೊದಲ ಕಾರ್ಖಾನೆ ಶಾಸನವು ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತು ಘಂಟೆಯ ಮಿತಿಯನ್ನೂ ಒಂದು ಘಂಟೆಯ ವಿರಾಮವನ್ನೂ ತಿಂಗಳಿಗೆ ನಾಲ್ಕು ರಜಾದಿನಗಳನ್ನೂ ಕೊಟ್ಟಿತು. ನೂರು ಜನರಿಗಿಂತ ಕಡಿಮೆಯಿದ್ದ ಕಾರ್ಖಾನೆಗಳನ್ನು ಅದು ಮುಟ್ಟಲಿಲ್ಲ. ವಯಸ್ಕರ ವಿಷಯದಲ್ಲಿ ಒಂದು ಮಾತನ್ನೂ ಆಡಲಿಲ್ಲ.

ಆ ಮೌನವನ್ನು ಮುರಿದವರು ನಾರಾಯಣ ಮೇಘಾಜಿ ಲೋಖಂಡೆ. 1848ರಲ್ಲಿ ಹುಟ್ಟಿ, ಹೆಚ್ಚು ಓದುವ ಅನುಕೂಲವಿಲ್ಲದೆ, ರೈಲ್ವೆಯಲ್ಲಿಯೂ ಅಂಚೆಯಲ್ಲಿಯೂ ಚಾಕರಿ ಮಾಡಿ, ಅನಂತರ ಮಾಂಡವಿಯ ಗಿರಣಿಯೊಂದರಲ್ಲಿ ಉಗ್ರಾಣದ ಉಸ್ತುವಾರಿಗೆ ಸೇರಿದ ಅವರು, ಜ್ಯೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತರು. ಉಗ್ರಾಣವೆಂದರೆ ಗಿರಣಿಯ ಎಲ್ಲ ವಿಭಾಗಗಳ ಜನರೂ ಸಾಮಾನಿಗಾಗಿ ಬಂದುಹೋಗುವ ಸ್ಥಳವಾದುದರಿಂದ, ಯಾರ ಬೆನ್ನು ಹೇಗಿದೆ, ಯಾರ ಕೆಮ್ಮು ಎಷ್ಟು ದಿನದ್ದು ಎಂಬುದನ್ನು ಅರಿಯಲು ಅದಕ್ಕಿಂತ ತಕ್ಕ ಪೀಠವಿರಲಿಲ್ಲವೆಂದು ನಾನು ಊಹಿಸುತ್ತೇನೆ. 1880ರಲ್ಲಿ ಅವರು ‘ದೀನಬಂಧು’ ಪತ್ರಿಕೆಯನ್ನು ಪುಣೆಯಿಂದ ಮುಂಬಯಿಗೆ ತಂದು ತಾವೇ ಅದರ ಸಂಪಾದಕರಾದರು. ದೊಡ್ಡ ಪತ್ರಿಕೆಗಳು ಲ್ಯಾಂಕಷೈರನ್ನು ಬಯ್ಯುತ್ತಿದ್ದ ಹೊತ್ತಿನಲ್ಲಿ ‘ದೀನಬಂಧು’ ಗಿರಣಿಯ ಒಳಗನ್ನು ವರ್ಣಿಸುತ್ತಿದ್ದಿತು. 1884ರ ಮನವಿಪತ್ರದ ಹಿಂದೆ ಇದ್ದುದು ಅವರ ಕೈ. ಅದರಲ್ಲಿ ಬೇಡಿದ ವಿರಾಮದ ಪ್ರಮಾಣವನ್ನು ಮತ್ತೆ ಗಮನಿಸಬೇಕು: ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಒಂದು ದಿನದಲ್ಲಿ ಅರ್ಧ ಘಂಟೆ. ಇಷ್ಟನ್ನು ಕೇಳುವುದಕ್ಕೆ ಐದೂವರೆ ಸಾವಿರ ಜನ ಸಹಿ ಹಾಕಬೇಕಾಯಿತು, ಇಷ್ಟನ್ನು ಪಡೆಯುವುದಕ್ಕೆ ಏಳು ವರ್ಷ ಕಾಯಬೇಕಾಯಿತು.

ಕಾಯುವಿಕೆಯ ನಡುವೆ, 1890ರ ಏಪ್ರಿಲ್ 24ರಂದು, ಮಹಾಲಕ್ಷ್ಮಿಯ ಬಯಲಿನಲ್ಲಿ ಸುಮಾರು ಹತ್ತು ಸಾವಿರ ಕೆಲಸಗಾರರು ನೆರೆದರು. ಇಬ್ಬರು ಹೆಂಗಸರು ಎದ್ದು ಮಾತನಾಡಿದರೆಂಬುದು ಆ ಸಭೆಯ ವಿಶೇಷ. ಮನೆಯ ಒಲೆ, ಗಿರಣಿಯ ಯಂತ್ರ ಎಂಬ ಎರಡು ದಿನಗಳನ್ನು ಒಂದೇ ದಿನದಲ್ಲಿ ದುಡಿಯುತ್ತಿದ್ದ ಅವರಿಗಿಂತ ಹೆಚ್ಚಿನ ಅಧಿಕಾರದಿಂದ ಬಳಲಿಕೆಯನ್ನು ಕುರಿತು ಮಾತನಾಡಬಲ್ಲವರು ಯಾರಿದ್ದರು? ಅದೇ ವರ್ಷದ ಜೂನ್ 10ರಂದು ಗಿರಣಿ ಮಾಲೀಕರ ಸಂಘವು ಭಾನುವಾರದ ರಜೆಗೆ ಒಪ್ಪಿತು. ಅದಕ್ಕೆ ಮುಂಚೆಯೂ ರಜೆಯೆಂದು ಹೇಳುತ್ತಿದ್ದ ಕೆಲವು ಗಿರಣಿಗಳಿದ್ದುವು. ಆದರೆ ಯಂತ್ರಗಳನ್ನು ಒರಸಿ ಎಣ್ಣೆ ಹಾಕುವ ನೆವದಿಂದ ಆ ದಿನದ ಪೂರ್ವಾಹ್ನವನ್ನು ಅವು ನುಂಗಿಬಿಡುತ್ತಿದ್ದುವು. ಭಾನುವಾರವೇ ಏಕೆಂಬುದಕ್ಕೆ ಅದು ಖಂಡೋಬನ ವಾರವೆಂಬ ಸಮಾಧಾನವನ್ನು ಮಹಾರಾಷ್ಟ್ರದಲ್ಲಿ ಹೇಳುವುದುಂಟು. ನಮ್ಮ ಮೈಲಾರಲಿಂಗನೇ ಆ ಖಂಡೋಬ. ನಮ್ಮಲ್ಲಿಯೂ ಅವನಿಗೆ ಭಾನುವಾರವೇ ಪ್ರಿಯ. ಆಳುವವರ ಧರ್ಮದ ವಾರವೂ ದುಡಿಯುವವರ ದೈವದ ವಾರವೂ ಒಂದೇ ಆಗಿ ಬಂದುದು ಮಾಲೀಕರ ಮನಸ್ಸನ್ನು ಎಷ್ಟು ಬದಲಿಸಿತೋ ತಿಳಿಯದು. ಕೆಲಸಗಾರರಿಗೆ ಮಾತ್ರ ಆ ದಿನವು ಪರಕೀಯವೆನಿಸಲಿಲ್ಲ. ಹೀಗೆ ಉಳುವವನ ಸೋಮವಾರವನ್ನು ಹಳ್ಳಿಯಲ್ಲಿ ಬಿಟ್ಟುಬಂದವರು ಪಟ್ಟಣದಲ್ಲಿ ತಮ್ಮ ದೇವರ ಭಾನುವಾರವನ್ನು ಪಡೆದುಕೊಂಡರು.

ಮರುವರ್ಷದ, ಅಂದರೆ 1891ರ ಶಾಸನದಲ್ಲಿ ಅರ್ಧ ಘಂಟೆಯೂ ಬಂದಿತು. ಸರದಿಯ ಪ್ರಕಾರ ಆಳುಗಳನ್ನು ಬದಲಿಸುವ ಕಾರ್ಖಾನೆಗಳನ್ನು ಬಿಟ್ಟು ಉಳಿದೆಲ್ಲ ಕಡೆ, ಹನ್ನೆರಡಕ್ಕೂ ಎರಡಕ್ಕೂ ನಡುವೆ ಅರ್ಧ ಘಂಟೆ ಕೆಲಸ ನಿಲ್ಲಬೇಕೆಂದೂ, ವಾರಕ್ಕೊಂದು ರಜೆಯಿರಬೇಕೆಂದೂ, ಸ್ತ್ರೀಯರ ಹನ್ನೊಂದು ಘಂಟೆಗಳ ದಿನದಲ್ಲಿ ಒಟ್ಟು ಒಂದೂವರೆ ಘಂಟೆಯ ಬಿಡುವಿರಬೇಕೆಂದೂ ಅದು ವಿಧಿಸಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ, ಘಟಪ್ರಭೆಯು ಧುಮುಕುವ ಬಂಡೆಗಳ ಪಕ್ಕದಲ್ಲಿ ನೀರಿನ ಬಲದಿಂದ ನಡೆಯುತ್ತಿದ್ದ ಗೋಕಾಕದ ನೂಲಿನ ಗಿರಣಿಯೂ ಈ ವಿಧಿಗೆ ಒಳಪಟ್ಟಿತು. ಕಲ್ಲಿದ್ದಲಿಗೆ ಹಣ ತೆರಬೇಕಾಗಿಲ್ಲದ ಜಲಶಕ್ತಿಗೂ ಅದೇ ವಿರಾಮ, ಉಗಿಗೂ ಅದೇ ವಿರಾಮ. ಯಂತ್ರಕ್ಕೆ ಬೇಕಾಗಿ ಅಲ್ಲ, ಯಂತ್ರದ ಮುಂದೆ ನಿಂತವನಿಗೆ ಬೇಕಾಗಿ ಯಂತ್ರವನ್ನು ನಿಲ್ಲಿಸಬೇಕೆಂದು ಈ ದೇಶದ ಕಾನೂನು ವಯಸ್ಕನಾದ ಗಂಡಾಳಿನ ವಿಷಯದಲ್ಲಿ ಆಡಿದ ಮೊದಲ ಮಾತು ಇದು. ಅವನ ದಿನದ ಒಟ್ಟು ಅವಧಿಗೆ ಮಿತಿಯನ್ನು ಗೊತ್ತುಮಾಡಲು ಅಂಜಿದ ಸರ್ಕಾರವು, ನಡುವಣ ಅರ್ಧ ಘಂಟೆಯನ್ನು ಮಾತ್ರ ಗೊತ್ತುಮಾಡಿತು. ಲೋಖಂಡೆಯವರು 1897ರ ಫೆಬ್ರವರಿಯಲ್ಲಿ, ಮುಂಬಯಿಯ ಮಹಾಮಾರಿಯ ಕಾಲದಲ್ಲಿ, ರೋಗಿಗಳ ಶುಶ್ರೂಷೆಗೆ ನಿಂತು ತಾವೇ ಪ್ಲೇಗಿಗೆ ತುತ್ತಾದರು. ಅವರಿಗೆ ಐವತ್ತು ತುಂಬಿರಲಿಲ್ಲ.

ಶಾಸನ ಬಂದ ಅದೇ 1891ರಲ್ಲಿ, ಸಾವಿರಾರು ಹರದಾರಿಗಳಾಚೆ ಇಟಲಿಯ ಟ್ಯೂರಿನ್ ನಗರದಲ್ಲಿ, ಆಂಜೆಲೊ ಮೊಸ್ಸೊ ಎಂಬ ಶರೀರಶಾಸ್ತ್ರಜ್ಞರು ಬಳಲಿಕೆಯನ್ನೇ ವಿಷಯವಾಗಿ ಉಳ್ಳ ಒಂದು ಗ್ರಂಥವನ್ನು ಪ್ರಕಟಿಸಿದರು. ಒಂದು ಬೆರಳಿಗೆ ತೂಕವನ್ನು ಕಟ್ಟಿ, ಅದನ್ನು ಮತ್ತೆ ಮತ್ತೆ ಎತ್ತಿಸಿ, ಎತ್ತಿದ ಎತ್ತರವನ್ನು ಕಾಗದದ ಮೇಲೆ ರೇಖೆಯಾಗಿ ಬರೆಯುವ ಸಾಧನವನ್ನು ಅವರು ನಿರ್ಮಿಸಿದ್ದರು. ರೇಖೆ ಸ್ವಲ್ಪಸ್ವಲ್ಪವಾಗಿ ಇಳಿದು ಕೊನೆಗೆ ನೆಲ ಸೇರುತ್ತಿತ್ತು. ಈಗಾಗಲೆ ದಣಿದ ಸ್ನಾಯುವಿನಿಂದ ಮಾಡಿಸಿದ ಅಲ್ಪವಾದ ಕೆಲಸವು, ತಾಜಾ ಸ್ನಾಯುವಿನಿಂದ ಮಾಡಿಸಿದ ಬಹಳ ಕೆಲಸಕ್ಕಿಂತ ದೇಹಕ್ಕೆ ಹೆಚ್ಚು ಹಾನಿಕರವೆಂಬುದು ಅವರು ಕಂಡ ಸತ್ಯ. ನೆತ್ತಿಯ ಮೇಲೆ ಬಿಸಿಲು ಬಂದಾಗ ನೊಗವನ್ನು ಇಳಿಸುತ್ತಿದ್ದವನ ವಿವೇಕಕ್ಕೆ ದೊರೆತ ಮೊದಲ ಶಾಸ್ತ್ರೀಯ ರುಜುವಾತು ಇದೆನ್ನಬಹುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯ ಗಿರಣಿಗಳಿಗೆ ವಿದ್ಯುದ್ದೀಪಗಳು ಬಂದುವು. ಉಳಿದಿದ್ದ ಕತ್ತಲೆಯ ಎಲ್ಲೆಯೂ ಅದರೊಂದಿಗೆ ಅಳಿಯಿತು. 1905ರ ಸುಮಾರಿಗೆ ನೂಲಿಗೆ ಬೇಡಿಕೆ ಏರಿದ್ದಿತು. ಹದಿನಾಲ್ಕು ಹದಿನೈದು ಘಂಟೆಗಳ ದಿನಗಳು ಸಾಮಾನ್ಯವಾದುವು. ಕೆಲಸಗಾರರು ಬೀದಿಗಿಳಿದರು, ಸರ್ಕಾರವು ಮತ್ತೆ ವಿಚಾರಣೆ ನಡೆಯಿಸಿತು. ನಾನು ಮೇಲೆ ಹೇಳಿದ ಅಲೆಮಾರಿತನದ ಆಪಾದನೆ 1908ರ ವಿಚಾರಣೆಯಲ್ಲಿ ಪರಾಕಾಷ್ಠೆಗೆ ಮುಟ್ಟಿತು. ಆ ಮಂಡಲಿಯ ಸದಸ್ಯರಲ್ಲೊಬ್ಬರಾದ ಮದರಾಸಿನ ವೈದ್ಯ ಡಾಕ್ಟರ್ ಟಿ. ಎಂ. ನಾಯರರು ತಮ್ಮ ಸಹಸದಸ್ಯರೊಡನೆ ಭಿನ್ನಮತ ತಾಳಿ, ವಯಸ್ಕ ಪುರುಷನ ದಿನಕ್ಕೂ ನೇರವಾದ ಮಿತಿಯನ್ನು ಹಾಕಲೇಬೇಕೆಂದು ಬೇರೊಂದು ಟಿಪ್ಪಣಿಯನ್ನು ಬರೆದರು. 1911ರ ಶಾಸನವು ಬಟ್ಟೆಯ ಗಿರಣಿಗಳಲ್ಲಿ ಹನ್ನೆರಡು ಘಂಟೆಗಳ ಮಿತಿಯನ್ನು ಹಾಕಿತು. ಅರ್ಧ ಘಂಟೆಯ ವಿರಾಮವಿಲ್ಲದೆ ಆರು ಘಂಟೆಗಳಿಗಿಂತ ಹೆಚ್ಚಾಗಿ ಯಾರಿಂದಲೂ ಕೆಲಸ ಮಾಡಿಸಕೂಡದೆಂದಿತು. ಈ ಆರು ಎಂಬ ಸಂಖ್ಯೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅನಂತರದ ಎರಡು ದಶಕಗಳಲ್ಲಿ ವಿಶ್ರಾಂತಿಯ ಪರವಾಗಿ ಒಂದು ಹೊಸ ವಾದವು ಪಶ್ಚಿಮದಲ್ಲಿ ಬೆಳೆಯಿತು. ಅದು ದಯೆಯ ವಾದವಲ್ಲ, ಉತ್ಪತ್ತಿಯ ವಾದ. ಜರ್ಮನಿಯ ಯೇನಾದಲ್ಲಿ ಮಸೂರಗಳನ್ನು ತಯಾರಿಸುವ ಕಾರ್ಖಾನೆಯ ಎರ್ನ್‌ಸ್ಟ್ ಆಬೆ 1900ರಲ್ಲಿ ಒಂಬತ್ತು ಘಂಟೆಯ ದಿನವನ್ನು ಎಂಟಕ್ಕೆ ಇಳಿಸಿ, ಒಟ್ಟು ಉತ್ಪತ್ತಿ ತಗ್ಗುವ ಬದಲು ಸ್ವಲ್ಪ ಏರಿದುದನ್ನು ಕಂಡಿದ್ದರು. ಅಮೆರಿಕದ ಎಫ್. ಡಬ್ಲ್ಯು. ಟೇಲರ್ ತಮ್ಮ 1911ರ ಗ್ರಂಥದಲ್ಲಿ, ತೊಂಬತ್ತೆರಡು ಪೌಂಡು ತೂಕದ ಕಬ್ಬಿಣದ ಗಟ್ಟಿಗಳನ್ನು ಹೊರುವವನು ದಿನದ ಶೇಕಡ 57 ಭಾಗ ಹೊರೆಯಿಲ್ಲದೆ ಇದ್ದರೇನೇ ಹನ್ನೆರಡೂವರೆ ಟನ್ನಿನ ಬದಲು ನಲವತ್ತೇಳೂವರೆ ಟನ್ ಹೊರಬಲ್ಲನೆಂದು ಬರೆದರು. ಟೇಲರರ ಅಂಕಿಗಳನ್ನು ತರುವಾಯದ ಸಂಶೋಧಕರು ಸಂಶಯಿಸಿದ್ದಾರೆ. ಅದಕ್ಕಿಂತಲೂ ನನ್ನನ್ನು ತಡೆಯುವುದು, ಯಾವಾಗ ಎತ್ತಬೇಕು, ಯಾವಾಗ ಕೂರಬೇಕು ಎಂಬುದನ್ನು ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತವನೇ ಹೇಳುತ್ತಿದ್ದನೆಂಬುದು. ವಿಶ್ರಾಂತಿಯೂ ಆಜ್ಞೆಯಾದ ಮೇಲೆ ಅದರಲ್ಲಿ ಹೊತ್ತವನದೇನು ಉಳಿಯಿತು? ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಭಾನುವಾರವೂ ದುಡಿದು ಬಸವಳಿದ ಕೆಲಸಗಾರರನ್ನು ಪರಿಶೀಲಿಸಲು 1915ರಲ್ಲಿ ನೇಮಕವಾದ ಸಮಿತಿಯು, ರಜೆಯಿಲ್ಲದ ದುಡಿಮೆಯಿಂದ ಹೆಚ್ಚಿನ ಮಾಲು ಹೊರಬರುವುದಿಲ್ಲವೆಂದು ತೀರ್ಮಾನಿಸಿತು.

ಇವೆಲ್ಲಕ್ಕಿಂತಲೂ ನಮ್ಮ ಪ್ರಸ್ತುತಕ್ಕೆ ಹತ್ತಿರವಾದುದು ಫಿಲಡೆಲ್ಫಿಯದ ಒಂದು ಬಟ್ಟೆಯ ಗಿರಣಿಯ ಕಥೆ. ಅಲ್ಲಿಯ ನೂಲುವ ವಿಭಾಗದಲ್ಲಿ ಕೆಲಸಗಾರರು ನಿಲ್ಲುತ್ತಿರಲಿಲ್ಲ. ಒಂದು ವರ್ಷದಲ್ಲಿ ಆ ವಿಭಾಗಕ್ಕೆ ಬೇಕಾದುದರ ಎರಡೂವರೆ ಪಾಲು ಜನರನ್ನು ಹೊಸದಾಗಿ ತರಬೇಕಾಗುತ್ತಿತ್ತು. 1923ರಲ್ಲಿ ಇದನ್ನು ವಿಚಾರಿಸಲು ಬಂದ ಎಲ್ಟನ್ ಮೇಯೊ ಎಂಬ ಸಂಶೋಧಕರು ಕಂಡುದು, ಹತ್ತು ಘಂಟೆಗಳ ಕಾಲ ಒಂಟಿಯಾಗಿ ಯಂತ್ರಗಳ ಸಾಲಿನ ನಡುವೆ ನಡೆದಾಡುತ್ತ, ಕಡಿದ ಎಳೆಗಳನ್ನು ಹೊಸೆಯುತ್ತ, ಕಾಲುನೋವಿನಿಂದಲೂ ಮಂಕಿನಿಂದಲೂ ಕುಗ್ಗಿದ್ದ ಮನುಷ್ಯರನ್ನು. ಬೆಳಗ್ಗೆ ಎರಡು, ಮಧ್ಯಾಹ್ನದ ಮೇಲೆ ಎರಡು, ಹೀಗೆ ಹತ್ತು ಹತ್ತು ನಿಮಿಷ ಆ ಕೆಲಸಗಾರರು ಮಲಗುವಂತೆ ಮೇಯೊ ಏರ್ಪಡಿಸಿದರು. ಕೆಲಸ ಬಿಟ್ಟುಹೋಗುವವರು ನಿಂತರು. ಮುಂಚೆ ಎಂದೂ ಯಾರಿಗೂ ಸಿಗದಿದ್ದ ಹೆಚ್ಚುವರಿ ಉತ್ಪತ್ತಿಯ ಬಹುಮಾನವು ಸಿಗತೊಡಗಿತು. ತುರ್ತಾದ ಮಾಲಿನ ಒತ್ತಡ ಬಂದಾಗ ಮೇಲ್ವಿಚಾರಕರು ಈ ವಿರಾಮಗಳನ್ನು ಕಿತ್ತುಹಾಕಿದರು. ಕೆಲವೇ ದಿನಗಳಲ್ಲಿ ಉತ್ಪತ್ತಿ ಹಿಂದಿನ ಮಟ್ಟಕ್ಕೆ ಕುಸಿಯಿತು. ಆಗ ಗಿರಣಿಯ ಅಧ್ಯಕ್ಷನೇ ಮುಂದೆ ಬಂದು ದಿನಕ್ಕೆ ನಾಲ್ಕು ಬಾರಿ ಯಂತ್ರಗಳನ್ನೇ ನಿಲ್ಲಿಸಿದನು, ತರುವಾಯ ಸರದಿಯನ್ನು ತಾವೇ ನಿಶ್ಚಯಿಸಿಕೊಳ್ಳುವ ಅಧಿಕಾರವನ್ನು ನೂಲುವವರಿಗೇ ಒಪ್ಪಿಸಿದನು. ಒಬ್ಬನು ವಿಶ್ರಮಿಸುವಾಗ ಪಕ್ಕದವನು ಅವನ ಯಂತ್ರವನ್ನು ನೋಡಿಕೊಳ್ಳುವುದು, ಹೊತ್ತನ್ನು ತಾವೇ ಹಂಚಿಕೊಳ್ಳುವುದು: ನಾಲ್ಕೈದು ದಶಕಗಳ ಹಿಂದೆ ಮುಂಬಯಿಯ ಗಿರಣಿಯಾಳುಗಳು ಯಾರ ಅಪ್ಪಣೆಯೂ ಇಲ್ಲದೆ ಇದನ್ನೇ ಮಾಡುತ್ತಿದ್ದಾಗ ಅದಕ್ಕೆ ಸೋಮಾರಿತನವೆಂಬ ಹೆಸರಿತ್ತು.

ಚಹದ ವಿಷಯವನ್ನೂ ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1903ರಲ್ಲಿ ಚಹದ ರಫ್ತಿನ ಮೇಲೆ ವಿಧಿಸಿದ ತೆರಿಗೆಯ ಹಣದಿಂದ ಅದರ ಪ್ರಚಾರಕ್ಕಾಗಿ ಒಂದು ಸಮಿತಿ ಏರ್ಪಟ್ಟಿತು. ಮೊದಲ ಮಹಾಯುದ್ಧದ ಕಾಲದಿಂದ ಆ ಸಮಿತಿಯವರು ಗಿರಣಿ, ಗಣಿ, ಕಾರ್ಖಾನೆಗಳಲ್ಲಿ ಚಹದ ಅಂಗಡಿಗಳನ್ನು ತೆರೆಯಿಸಿ, ಕೆಲಸಗಾರರಿಗೆ ಚಹಕ್ಕೆ ಹೊತ್ತು ಕೊಡಬೇಕೆಂದು ಮಾಲೀಕರನ್ನು ಒಲಿಸುತ್ತ ಬಂದರು. ತೋಟದ ಸಾಹೇಬರಿಗೆ ಬೇಕಾಗಿದ್ದುದು ಚಹದ ಮಾರಾಟ. ಅವರು ತಂದ ಚಹಕ್ಕಿಂತ ಅದರ ಜೊತೆಯಲ್ಲಿ ಬಂದ ಐದು ಹತ್ತು ನಿಮಿಷಗಳೇ ನಮ್ಮ ಜನಕ್ಕೆ ಹೆಚ್ಚು ಬೇಕಾಗಿದ್ದುವೆಂದು ನನ್ನ ಭಾವನೆ. ಲ್ಯಾಂಕಷೈರಿನಂತೆ ಇಲ್ಲಿಯೂ ಸ್ವಾರ್ಥದ ಬಾಗಿಲಿನಿಂದ ಒಂದು ಹಿತವು ಒಳಗೆ ಬಂದಿತು.

ಕಾನೂನಿನ ಮಿತಿಗಳು ಮುಂದೆ ಹೀಗೆ ಇಳಿದುವು: 1919ರ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದ ಫಲವಾಗಿ 1922ರಲ್ಲಿ ದಿನಕ್ಕೆ ಹನ್ನೊಂದು, ವಾರಕ್ಕೆ ಅರವತ್ತು ಘಂಟೆಗಳು; 1934ರಲ್ಲಿ ಹತ್ತು ಮತ್ತು ಐವತ್ತನಾಲ್ಕು; ಸ್ವಾತಂತ್ರ್ಯಾನಂತರದ 1948ರ ಮಹಾಶಾಸನದಲ್ಲಿ ಒಂಬತ್ತು ಮತ್ತು ನಲವತ್ತೆಂಟು. ಈ ಕೊನೆಯ ಶಾಸನದ 55ನೆಯ ವಿಧಿಯು, ಅರ್ಧ ಘಂಟೆಗೆ ಕಡಿಮೆಯಿಲ್ಲದ ವಿಶ್ರಾಂತಿಯನ್ನು ಕೊಡದೆ ಯಾವ ವಯಸ್ಕನಿಂದಲೂ ಐದು ಘಂಟೆಗಳಿಗಿಂತ ಹೆಚ್ಚು ಕಾಲ ಎಡೆಬಿಡದೆ ಕೆಲಸ ಮಾಡಿಸಕೂಡದೆಂದು ಸಾರಿತು. ಅಷ್ಟಕ್ಕೇ ನಿಲ್ಲದೆ, ಆ ಅರ್ಧ ಘಂಟೆಯನ್ನು ಕಳೆಯುವುದಕ್ಕೆ ಒಂದು ಜಾಗವೂ ಬೇಕೆಂಬುದನ್ನು ಅದು ಮನಗಂಡಿತು. ನೂರೈವತ್ತಕ್ಕೂ ಹೆಚ್ಚು ಜನ ದುಡಿಯುವಲ್ಲಿ ಕುಡಿಯುವ ನೀರಿರುವ ವಿಶ್ರಾಂತಿಯ ಕೊಠಡಿ ಮತ್ತು ಊಟದ ಕೊಠಡಿ, ಇನ್ನೂರೈವತ್ತಕ್ಕೂ ಹೆಚ್ಚು ಜನರಿರುವಲ್ಲಿ ಕ್ಯಾಂಟೀನು, ನಿಂತೇ ದುಡಿಯಬೇಕಾದವರು ಸಂದರ್ಭ ಸಿಕ್ಕಾಗ ಕುಳಿತುಕೊಳ್ಳಲು ಆಸನ, ಕೈಕಾಲು ತೊಳೆಯಲು ನೀರು. ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದವರ ಮೊಮ್ಮಕ್ಕಳಿಗೆ ಬೆಂಚು ಬಂದಿತು. ನಮ್ಮ ದೇಶವು ತನ್ನ ಸಂವಿಧಾನವನ್ನು ಅಂಗೀಕರಿಸುವುದಕ್ಕೆ ಮೊದಲೇ ಇಂತಹ ಸಣ್ಣ ಸಣ್ಣ ವಿವರಗಳಿಗೆ ಮನಸ್ಸು ಕೊಟ್ಟಿತ್ತೆಂಬುದನ್ನು ನೆನೆದಾಗ ನನಗೆ ಗೌರವ ಮೂಡುತ್ತದೆ.

ಐದು ಘಂಟೆಯ ಈ ನಿಯಮದಲ್ಲಿಯೂ ಒಂದು ಕಿಂಡಿಯಿತ್ತು. ವಿಶೇಷವಾದ ಆಜ್ಞೆಯಿಂದ ಅದನ್ನು ಆರಕ್ಕೆ ಏರಿಸಲು ಅವಕಾಶವಿತ್ತು. 2023ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದ ವಿಧಾನಮಂಡಲವು ಒಪ್ಪಿದ ತಿದ್ದುಪಡಿಯು ಆ ಕಿಂಡಿಯನ್ನು ಹೆಬ್ಬಾಗಿಲು ಮಾಡಿತು. ವಾರದ ನಲವತ್ತೆಂಟು ಘಂಟೆಗಳ ಮಿತಿಯನ್ನು ಉಳಿಸಿಕೊಂಡು ದಿನವನ್ನು ಹನ್ನೆರಡು ಘಂಟೆಗಳವರೆಗೆ ಹಿಗ್ಗಿಸಲು, ವಿರಾಮವಿಲ್ಲದ ಕೆಲಸದ ಅವಧಿಯನ್ನು ಆರು ಘಂಟೆಗಳವರೆಗೆ ಏರಿಸಲು ಅದು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. 1911ರ ಅಂಕಿಗಳೆರಡೂ, ಹನ್ನೆರಡು ಮತ್ತು ಆರು, ಹೀಗೆ ನಮ್ಮ ಕಾನೂನಿನ ಪುಸ್ತಕಕ್ಕೆ ಮರಳಿದುವು. ದೀರ್ಘವಾದ ದಿನಕ್ಕೆ ಪ್ರತಿಯಾಗಿ ವಾರದಲ್ಲಿ ಹೆಚ್ಚು ರಜೆಗಳು ದೊರೆಯುವುವು, ಕೆಲಸಗಾರನ ಲಿಖಿತ ಸಮ್ಮತಿಯಿಲ್ಲದೆ ಇದು ಜಾರಿಗೆ ಬರುವುದಿಲ್ಲ ಎಂಬ ಸಮಾಧಾನವನ್ನು ಹೇಳಿದರು. ರಜೆಯ ದಿನವು ನಡುಹಗಲಿನ ಬಳಲಿಕೆಯನ್ನು ಹಿಂದಕ್ಕೆ ಹೋಗಿ ತೊಳೆಯಲಾರದೆಂಬುದನ್ನು ಮೊಸ್ಸೊ ಅವರ ರೇಖೆಯೇ ತೋರಿಸಿದೆ. ಸಮ್ಮತಿಯ ವಿಚಾರವಾದರೋ, ಬೆಂಗಳೂರಿನ ಸಿದ್ಧ ಉಡುಪುಗಳ ಕಾರ್ಖಾನೆಗಳ ಸಾಲುಗಳಲ್ಲಿ ಕುಳಿತು ಹೊಲಿಯುತ್ತಿರುವವರಲ್ಲಿ ಹೆಚ್ಚಿನವರು ಹೆಂಗಸರು. ಘಂಟೆಗೆ ಇಂತಿಷ್ಟು ತುಂಡುಗಳೆಂಬ ಲೆಕ್ಕವು ತಲೆಯ ಮೇಲೆ ತೂಗುತ್ತಿರುವಾಗ, ಶೌಚಕ್ಕೆ ಏಳಬೇಕಾದೀತೆಂದು ಕುಡಿಯುವ ನೀರನ್ನೇ ಕಡಿಮೆ ಮಾಡಿಕೊಂಡು ದಿನ ಕಳೆಯುವವರು ಅವರಲ್ಲಿದ್ದಾರೆ. ಎದ್ದು ನೀರು ಕುಡಿಯುವುದಕ್ಕೇ ಅಂಜುವವಳು ಸಮ್ಮತಿಯ ಕಾಗದಕ್ಕೆ ಸಹಿ ಹಾಕೆನೆಂದು ಹೇಳಬಲ್ಲಳೆಂದು ನಾನು ನಂಬಲಾರೆ. ಐದನೆಯ ಘಂಟೆಗೂ ಆರನೆಯ ಘಂಟೆಗೂ ನಡುವೆ ಅವಳ ಬೆನ್ನು, ಕಣ್ಣು, ಕೈಗಳು ಏನಾಗುತ್ತವೆಂಬುದನ್ನು ಅವಳನ್ನೇ ಕೇಳಿ ತಿಳಿದು, ಆಮೇಲೆ ಈ ವಿಧಿಯನ್ನು ಬರೆದಿದ್ದರೆ, ಅದು ಹೀಗೆ ಇರುತ್ತಿರಲಿಲ್ಲ.